ಚಿನ್ನಮ್ಮನ ಮನೆಯಲ್ಲಿ ಕೂರಲು ಜಾಗವಾಯಿತು

ಬಿಳಿಗೆರೆ ಹೋಬಳಿಯ ಆ ಊರಿನಲ್ಲಿ ಚಿನ್ನಮ್ಮನ ಮನೆಗೆ ಹೋದವರು ನಿಂತೇ ಮಾತಾಡಿ ಬರುತ್ತಿದ್ದರು. ಚಿನ್ನಮ್ಮ ಒಳ್ಳೆಯವಳೇ. "ಕೂತ್ಕಳಿ, ಕಾಪಿ ಕುಡ್ಕಂಡು ಓಗಿ" ಎಂದು ಬಾಯಿ ತುಂಬಾ ಕರೆಯುತ್ತಿದ್ದಳು. ಆದರೆ ಕೂರುವುದೆಲ್ಲಿ? ನಡುಮನೆಯ ಬೆಂಚಿನ ಮೇಲೆ ಖಾಲಿ ಗೊಬ್ಬರದ ಚೀಲಗಳು. ಕುರ್ಚಿಯ ಮೇಲೆ ಮಡಿಸದ ಬಟ್ಟೆ. ಮೂಲೆಯಲ್ಲಿ ತಿರುಗದ ಫ್ಯಾನು, ಹಾಡದ ರೇಡಿಯೊ, ತಳ ಹೋದ ಬಿಂದಿಗೆ. ಇನ್ನು ಒಳಕೋಣೆಯ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಲೇ ಇರಲಿಲ್ಲ. ಅಲ್ಲಿ ನೆಲದಿಂದ ಸೂರಿನವರೆಗೆ ಸ್ಟೀಲ್ ಪಾತ್ರೆಗಳು.

ಎಲ್ಲವೂ ಮುಯ್ಯಿಯ ಪಾತ್ರೆ. ಮದುವೆಗೋ ನಾಮಕರಣಕ್ಕೋ ಬಂದವರು ಒಂದು ತಟ್ಟೆ, ಒಂದು ಬಿಂದಿಗೆ ಕೊಡುತ್ತಾರೆ. ಅದರ ಅಂಚಿನಲ್ಲಿ ತಮ್ಮ ಹೆಸರು ಕೊರೆಸಿರುತ್ತಾರೆ. ನಾಳೆ ಅವರ ಮನೆಯ ಕಾರ್ಯಕ್ಕೆ ನಾವೂ ಕೊಡಬೇಕು. ಹೆಸರಿರುವ ಪಾತ್ರೆಯನ್ನು ಇನ್ನೊಬ್ಬರಿಗೆ ದಾಟಿಸಿದರೆ ಕೊಟ್ಟವರಿಗೆ ಅವಮಾನವಾದೀತೆಂದು ಚಿನ್ನಮ್ಮ ಒಂದನ್ನೂ ಕೈಬಿಟ್ಟವಳಲ್ಲ. ಬಳಸಿದರೆ ಮಾಸೀತೆಂದು ಬಳಸಿದವಳೂ ಅಲ್ಲ. ಅಷ್ಟೊಂದು ಸ್ಟೀಲ್ ಇಟ್ಟುಕೊಂಡು ಗಂಡ ಮರಿಸ್ವಾಮಿಗೆ ಮುದ್ದೆ ಇಕ್ಕುತ್ತಿದ್ದುದು ಸೊಟ್ಟಗಾದ ಅಲ್ಯುಮಿನಿಯಂ ತಟ್ಟೆಯಲ್ಲಿ!

ಎರಡು ಸಾವಿರದ ಆರನೇ ಇಸವಿಯ ಗೌರಿ ಹಬ್ಬಕ್ಕೆ ಮಗಳು ವನಜಾಕ್ಷಿ ಬಂದಳು. ಚೊಚ್ಚಲ ಬಸುರಿ. ಪಾತ್ರೆಗಳ ಪಕ್ಕದ ಸಂದಿಯಲ್ಲೇ ಚಾಪೆ ಹಾಸಿ ಮಲಗಿದ್ದಾಗ ಮೇಲಿನಿಂದ ಚೇಳೊಂದು ದಿಂಬಿನ ಮೇಲೆ ಬಿತ್ತು. ಪುಣ್ಯಕ್ಕೆ ಕುಟುಕಲಿಲ್ಲ. ಆದರೆ ವನಜಾಕ್ಷಿ ಹಬ್ಬ ಮುಗಿಸಿ ಗಂಡನ ಮನೆಗೆ ಹಿಂತಿರುಗುತ್ತಲೇ ಸುದ್ದಿ ನರಸೀಪುರದ ಕಡೆಯ ಸೋಸಲೆಯಲ್ಲಿದ್ದ ಬೀಗಿತ್ತಿ ದೇವೀರಮ್ಮನ ಕಿವಿಗೆ ಬಿತ್ತು. ಆಕೆ ಖಡಾಖಂಡಿತವಾಗಿ ಹೇಳಿಕಳಿಸಿದಳು: "ಎರಿಗೆ ಆಸ್ಪತ್ರೇಲಿ ಆಗ್ಲಿ. ಆಮ್ಯಾಕೆ ಬಾಣಂತನ ನಮ್ಮನೇಲೆ. ಚೇಳು ಉದ್ರೋ ಮನೆಗೆ ಕೂಸ ಕಳ್ಸಕಿಲ್ಲ."

ಚೊಚ್ಚಲ ಬಾಣಂತನ ತವರಿನದು. ಅದು ಕೈತಪ್ಪಿದರೆ ಊರಲ್ಲಿ ತಲೆಯೆತ್ತುವುದು ಹೇಗೆ? ಊರು ಹಾಳಾಗಲಿ, ಮೊಮ್ಮಗುವನ್ನು ತನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವ ಆಸೆ ಏನಾಗಬೇಕು? ಚಿನ್ನಮ್ಮ ಹೊಸಿಲ ಮೇಲೆ ಕೂತು ಅತ್ತಳು. ಒಳಗೆ ಕೂತು ಅಳಲೂ ಜಾಗವಿರಲಿಲ್ಲ.

ಅವಳನ್ನು ಹಾಗೆ ಕಂಡವಳು ಸ್ತ್ರೀಶಕ್ತಿ ಸಂಘದ ಪುಟ್ಟಲಕ್ಷ್ಮಿ. ಈ ಹೆಂಗಸನ್ನು ಹೊಗಳದೆ ಕಥೆ ಮುಂದಕ್ಕೆ ಹೋಗದು. ಅವಳದೂ ಎರಡಂಕಣದ ಮನೆಯೇ. ಆದರೆ ಸಂಘದವರೆಲ್ಲ ಬಂದರೂ ಕಾಲು ನೀಡಿ ಕೂರಬಹುದು, ಕರೆಂಟು ಹೋದಾಗ ಕೈಯಿಟ್ಟಲ್ಲೇ ಬೆಂಕಿಪೊಟ್ಟಣ ಸಿಗುತ್ತದೆ. ಪ್ರತಿ ಆಯುಧಪೂಜೆಗೆ ಮನೆ ಸಾರಿಸುವಾಗ, ಹಿಂದಿನ ಹಬ್ಬದಿಂದ ಈಚೆಗೆ ಯಾರೂ ಮುಟ್ಟದ ಸಾಮಾನನ್ನು ಅವಳು ಜಗುಲಿಗೆ ತಂದಿಡುತ್ತಾಳೆ. ಬೇಕಾದವರಿಗೆ ಕೊಡುತ್ತಾಳೆ, ಮುರಿದದ್ದನ್ನು ಗುಜರಿಗೆ ಹಾಕುತ್ತಾಳೆ. ಅವಳೇನು ಸಿರಿವಂತೆಯಲ್ಲ. ಆದರೂ ಆ ಮನೆಗೆ ಕಾಲಿಟ್ಟರೆ ಇವಳಿಗೇನೂ ಕಡಿಮೆಯಿಲ್ಲ ಅನ್ನಿಸುತ್ತದೆ. ಅದು ದೊಡ್ಡ ಗುಣವೇ ಸರಿ.

"ಕೋಣೆ ಖಾಲಿ ಮಾಡವ್ವ. ಅದ ನೋಡಿದ್ರೆ ನಿನ್ ಬೀಗಿತ್ತೀನೇ ಮಗಳ್ನ ಬುಟ್ಟು ಓಯ್ತಾಳೆ," ಎಂದಳು ಪುಟ್ಟಲಕ್ಷ್ಮಿ.

"ಅಷ್ಟ್ನೂ ಎಲ್ಲಿಗೆ ಎಸೀಲಕ್ಕ? ಯಾವತ್ತಾದ್ರೂ ಬೇಕಾಯ್ತದೆ."

"ಯಾವತ್ತು?"

ಚಿನ್ನಮ್ಮ ಯೋಚಿಸಿದಳು. "ಬೇಕಾದಾಗ."

"ಬೇಕಾದಾಗ ನಿಂಗೆ ಸಿಕ್ತದಾ? ಮೊನ್ನೆ ಇಕ್ಕಳ ಸಿಗ್ದೆ ನಮ್ಮನೇದ ಈಸ್ಕಂಡು ಓದೆ. ಎಸಿ ಅಂತ ನಾ ಎಲ್ಲಂದೆ? ಇವತ್ತು ಒಂದು ಮೂಲೆ ಸಾಕು. ನಾ ಏನೂ ಮುಟ್ಟಕಿಲ್ಲ. ನೀನೇ ಒಂದೊಂದೇ ಎತ್ತು, ಇದು ಯಾರ್ಗೆ ಬೇಕು ಅಂತ ನೀನೇ ಏಳು."

ಮನಸ್ಸಿಲ್ಲದ ಮನಸ್ಸಿನಿಂದ ಚಿನ್ನಮ್ಮ ಸೆರಗು ಸಿಕ್ಕಿಸಿದಳು. ಒಂದು ಚೀಲ ಎತ್ತಿದಳು, "ಇರ್ಲಿ" ಎಂದು ಅಲ್ಲೇ ಇಟ್ಟಳು. ಇನ್ನೊಂದು ಎತ್ತಿದಳು, ಅದನ್ನೂ ಇಟ್ಟಳು. ಪುಟ್ಟಲಕ್ಷ್ಮಿ ಬೈಯಲಿಲ್ಲ, ನಗಲಿಲ್ಲ, ಎಲೆಯಡಿಕೆ ಮೆಲ್ಲುತ್ತಾ ಕಾದಳು. ಹೀಗೆ ಚೀಲಗಳನ್ನು ಅತ್ತಿತ್ತ ಮಾಡುವಾಗ ಅಡಿಯಲ್ಲಿ ತೊಟ್ಟಿಲು ಕಂಡಿತು. ವನಜಾಕ್ಷಿಯನ್ನು ತೂಗಿದ್ದ ತೊಟ್ಟಿಲು. ಯಾರಿಗೋ ಕೊಟ್ಟು ಮರೆತೆನೆಂದುಕೊಂಡಿದ್ದಳು. ಒಳಗೆ ಇಣುಕಿದರೆ ಹಳೆ ಸೀರೆಯ ಚೂರುಗಳ ನಡುವೆ ಕಣ್ಣು ಬಿಡದ ಇಲಿ ಮರಿಗಳು!

ಚಿನ್ನಮ್ಮ ತೊಟ್ಟಿಲಿನ ಅಂಚು ಹಿಡಿದು ಕೂತಳು. "ನೋಡಕ್ಕ, ನನ್ ಮಗಳಿಗೆ ಜಾಗ ಇಲ್ದಿರೋ ಮನೇಲಿ ಇಲಿ ಬಾಣಂತನ ಮಾಡ್ಕತಾ ಅದೆ."

ಆಮೇಲೆ ಅವಳ ಕೈ ನಿಲ್ಲಲಿಲ್ಲ. ಗಟ್ಟಿ ಚೀಲಗಳು ಪಕ್ಕದ ಮನೆಯ ಸಣ್ಣಯ್ಯನ ರಾಗಿ ತುಂಬಲು ಹೋದವು. ಫ್ಯಾನು, ರೇಡಿಯೊ, ಬಿಂದಿಗೆ ಗುಜರಿ ಗಾಡಿ ಹತ್ತಿದವು. ಅವಳ ತಾಯಿ ಕೊಟ್ಟಿದ್ದ ಹಿತ್ತಾಳೆ ಚೊಂಬನ್ನು ಕಂಡು ಪುಟ್ಟಲಕ್ಷ್ಮಿಯೇ, "ಇದ ಮಡೀಕೋ. ದಿನಾ ಇದ್ರಲ್ಲೇ ನೀರ್ ಕುಡಿ," ಎಂದಳು. ಮೂಲೆ ಮುಗಿದು, ನಡುಮನೆ ಮುಗಿದು, ಕೊನೆಗೆ ಒಳಕೋಣೆಯ ಪಾತ್ರೆಗಳು ಉಳಿದವು.

"ಎಸ್ರು ಕೊರ್ಸಿರೋದ ಎಂಗಕ್ಕ ಕೊಡದು? ಕೊಟ್ಟೋರು ಏನಂದ್ಕಂಡಾರು?"

"ಈಗ ಆ ಎಸ್ರ ನೋಡ್ತಿರೋರು ಯಾರವ್ವ? ಜಿರಳೆ, ಹಲ್ಲಿ. ಊರಲ್ಲಿ ಒಂದು ಕಾರ್ಯ ಆದ್ರೆ ಪಾತ್ರೆ ಬಾಡ್ಗೆಗೆ ನಂಜನಗೂಡಿಗೆ ಓಡ್ತೀವಿ. ಸಂಘದ ಮನೇಲಿ ಇಡು. ಬಡವ್ರು ಬಲ್ಲಿದ್ರು ಎಲ್ರ ಕಾರ್ಯಕ್ಕೂ ಆಗ್ಲಿ. ನಿಂಗೆ ಬೇಕಾದಾಗ ನೀನೂ ತತ್ತೀಯ."

ಮನೆಗೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಚಿನ್ನಮ್ಮ ಗಾಡಿಗೆ ಹಾಕಿಸಿದಳು. ಒಂದು ದೊಡ್ಡ ಕೊಳಗ ಮಾತ್ರ ಕೈಬಿಡಲಿಲ್ಲ. ಮದುವೆಯಲ್ಲಿ ಬೀಗರೇ ಕೊಟ್ಟಿದ್ದು. 'ಸೋಸಲೆ ಜವರಯ್ಯ' ಎಂದು ಹೆಸರಿತ್ತು. ಜವರಯ್ಯ ದೇವೀರಮ್ಮನ ಗಂಡ, ಈಗ ಇಲ್ಲ. ಆದರೆ ಇಬ್ಬರ ಸಂಸಾರದಲ್ಲಿ ಆ ಕೊಳಗದಲ್ಲಿ ಏನು ಬೇಯಿಸುವುದು? ಕಣ್ಣು ಮುಚ್ಚಿಕೊಂಡು ಅದನ್ನೂ ಕಳಿಸಿಬಿಟ್ಟಳು.

ಹೆಂಡತಿಯ ಕೆಲಸ ನೋಡಿ ಮರಿಸ್ವಾಮಿ ಮೀಸೆ ತಿರುವುತ್ತಿದ್ದ. ಪುಟ್ಟಲಕ್ಷ್ಮಿ ಅವನನ್ನೂ ಬಿಡಲಿಲ್ಲ. "ನಿನ್ ಮೊಬೈಲೂ ಚಿನ್ನಮ್ಮನ ಕೋಣೆ ಥರಾನೇ ಆಗದಲ್ಲಣ್ಣ. ಮೆಸೇಜು ತುಂಬ್ಕಂಡು ಕವರ್ ಗುರ್ತು ಮಿಣಮಿಣ ಅಂತಾ ಅದೆ!"

"ಅಳಿಸಿದ್ರೆ ಕರೆನ್ಸಿ ಕಟ್ಟಾಯ್ತದೇನೋ ಅಂತ ಬುಟ್ಟಿದ್ದೆ ಕಣವ್ವ."

"ಅಳ್ಸೋಕೆ ಕಾಸಿಲ್ಲ ಕಣಣ್ಣ. ತುಂಬಿದ್ರೆ ಬೇಕಾದ ಸುದ್ದೀನೂ ಒಳೀಕೆ ಬರಾಕಿಲ್ಲ."

ಲಾಟರಿ, ರಿಂಗ್‌ಟೋನು, ಕಂಪನಿಯವರ ಆಫರು ಎಲ್ಲ ಅಳಿಸಿದ. ಟಣ್ ಎಂದು ಅಳಿಯನ ಮೆಸೇಜು ಬಂತು. ವನಜಾಕ್ಷಿಯ ಹಟ ತಾಳಲಾರದೆ ದೇವೀರಮ್ಮ ಅವಳನ್ನು ಕರೆದುಕೊಂಡು ಭಾನುವಾರ ಮನೆ ನೋಡಲು ಬರುತ್ತಾಳಂತೆ!

ಆ ಭಾನುವಾರ ಚಿನ್ನಮ್ಮನಿಗೆ ಸುತ್ತೂರಿನಲ್ಲೊಂದು ಗೃಹಪ್ರವೇಶ, ನಂಜನಗೂಡಿನಲ್ಲೊಂದು ನಿಶ್ಚಿತಾರ್ಥವಿತ್ತು. ಕರೆದ ಕಡೆಗೆಲ್ಲ ಓಡುವುದು, ಪಾತ್ರೆ ಕೊಡುವುದು, ಮನೆಗೆ ಬಂದು ಸೊಂಟ ಹಿಡಿದುಕೊಂಡು ಮಲಗುವುದು ಅವಳ ಅಭ್ಯಾಸ. ಈ ಸಲ ಎರಡೂ ಮನೆಗೆ ಮೊದಲೇ ಹೇಳಿಕಳಿಸಿದಳು: "ಮಗಳು ಬತ್ತಾಳೆ, ಬರಾಕಾಗಕಿಲ್ಲ, ತಪ್ಪು ತಿಳೀಬ್ಯಾಡಿ." ಯಾರೂ ತಪ್ಪು ತಿಳಿಯಲಿಲ್ಲ. ಪಕ್ಕದ ಸಣ್ಣಯ್ಯನ ಮೊಮ್ಮಗಳ ನಾಮಕರಣ ಒಂದನ್ನೇ ಒಪ್ಪಿಕೊಂಡಳು.

ದೇವೀರಮ್ಮ ಬಂದವಳೇ ಕಾಪಿಗೂ ನಿಲ್ಲದೆ ಒಳಕೋಣೆಗೆ ನುಗ್ಗಿದಳು. ಬಾಗಿಲು ಗೋಡೆಗೆ ತಾಗುವಷ್ಟು ತೆರೆಯಿತು. ಸುಣ್ಣ ಬಳಿದ ಗೋಡೆ, ಕಿಟಕಿಯಿಂದ ಗಾಳಿ, ತೊಳೆದು ಬಿಸಿಲಿಗೊಣಗಿಸಿ ತೂಗುಹಾಕಿದ ತೊಟ್ಟಿಲು. ಸೂರನ್ನೆಲ್ಲ ಹುಡುಕಿ ನೋಡಿದಳು. ತೊಟ್ಟಿಲನ್ನು ಒಮ್ಮೆ ತೂಗಿ ಹೊರಗೆ ಬಂದಳು.

ಮಧ್ಯಾಹ್ನ ಎಲ್ಲರೂ ಸಣ್ಣಯ್ಯನ ಮನೆಗೆ ಊಟಕ್ಕೆ ಹೋದರು. ಪಂಕ್ತಿಯ ನಡುವೆ ಹುಳಿ ತುಂಬಿದ ಕೊಳಗವನ್ನು ತಂದಿಟ್ಟರು. ದೇವೀರಮ್ಮನ ಕೈ ಎಲೆಯ ಮೇಲೇ ನಿಂತಿತು. ಅವಳಿಗೆ ಓದು ಬಾರದು. ಆದರೆ ಕೊಳಗದ ಅಂಚಿನ ಆ ಅಕ್ಷರಗಳನ್ನು ಮದುವೆಯಂದು ಗಂಡನೇ ಬೆರಳಿಟ್ಟು ತೋರಿಸಿದ್ದ.

"ಇದು ಇಲ್ಲಿಗೆಂಗೆ ಬಂತು?"

ಚಿನ್ನಮ್ಮ ಎಲ್ಲ ಮುಗಿಯಿತೆಂದುಕೊಂಡಳು. ಆದರೂ ಸುಳ್ಳಾಡಲಿಲ್ಲ. "ನಾನೇ ಸಂಘಕ್ಕೆ ಕೊಟ್ಟೆ ಬೀಗಿತ್ತಿ. ನಮ್ಮನೇಲಿ ಬೋರಲು ಬಿದ್ದಿತ್ತು. ಇಲ್ಲಿ ಹತ್ತು ಜನಕ್ಕೆ ಆಗ್ಲಿ ಅಂತ."

ದೇವೀರಮ್ಮ ಸೆರಗಿನಲ್ಲಿ ಹೆಸರಿನ ಮೇಲಿನ ಮಸಿ ಒರೆಸಿದಳು. "ಅವ್ರು ಓದ್ಮ್ಯಾಕೆ ನಮ್ಮೂರಲ್ಲೇ ಅವ್ರ ಎಸ್ರು ಎತ್ತೋರಿಲ್ಲ. ನಿಮ್ಮೂರೋರು ಅವ್ರ ಕೊಳಗದಲ್ಲಿ ಉಣ್ತಾವ್ರಲ್ಲವ್ವ," ಎಂದಳು. ಕಣ್ಣು ತುಂಬಿತ್ತು. "ಬಡ್ಸಿ, ಬಡ್ಸಿ, ಎಲ್ರಿಗೂ ಇನ್ನೊಂದ್ಕಿತ ಬಡ್ಸಿ."

ಕೈ ತೊಳೆದವಳು ಚಿನ್ನಮ್ಮನ ಹತ್ತಿರ ಬಂದು ಹೇಳಿದಳು: "ವನಜಾ ಇಲ್ಲೇ ಇರ್ಲಿ. ಕೂಸು ಉಟ್ಟಾಗ ನಂಗೂ ಒಂದು ಚಾಪೆ ಆಕು. ಈಗ ಜಾಗ ಅದಲ್ಲ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಮ್ಮೆ ತಲೆಯೆತ್ತಿ ನಿಮ್ಮ ಅಟ್ಟ ನೋಡಿ. ಅಲ್ಲಿ ಯಾರ ಹೆಸರು ಬೋರಲು ಬಿದ್ದಿದೆ? ಬೇಕಾದ್ದನ್ನು ದಿನವೂ ಬಳಸಿ, ಬೇಡದ್ದನ್ನು ಬೇಕಾದವರ ಕೈಗಿಡಿ. ಕರೆದ ಕಡೆಗೆಲ್ಲ ಓಡಬೇಡಿ, ಫೋನಿನ ಕಸವನ್ನೂ ಗುಡಿಸಿ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ, ಇವತ್ತು ಒಂದು ಮೂಲೆ ಸಾಕು. ನಾಳೆ ನಿಮ್ಮ ಮಗಳು ಬಂದರೆ ಅವಳಿಗೆ ಕೂರಲು ಜಾಗವಿರಲಿ.