ಜೊತೆಗೆ ಎದ್ದ ಎರಡು ದಿಬ್ಬ

"ಇದಕ್ಕೆ ನಾನು ಸಹಿ ಹಾಕಲ್ಲ ಸಾರ್," ಎಂದು ಸುಪ್ರಿಯಾ ಹಾಳೆಯನ್ನು ಮೇಜಿನ ಆಚೆಗೆ ತಳ್ಳಿದಳು.

ಬೆಳೆಗಾರರ ಸಂಘದ ಅಧ್ಯಕ್ಷ ಚನ್ನಕೇಶವ ಕನ್ನಡಕ ತೆಗೆದು ಅವಳನ್ನು ನೋಡಿದರು. ಮೂಡಿಗೆರೆಯಲ್ಲಿ ರೇಡಿಯೋ ಅಂಗಡಿ ಇಟ್ಟ ಏಕಾಂತಪ್ಪನ ಮಗಳು; ಎಂಜಿನಿಯರಿಂಗ್ ಓದಿ ಬಂದು, ಅದೇ ಅಂಗಡಿಯಲ್ಲಿ ಕೂತು, ಸುತ್ತಲಿನ ಎಸ್ಟೇಟುಗಳ ವೈರ್‌ಲೆಸ್ ಸೆಟ್ಟುಗಳನ್ನೆಲ್ಲ ನೋಡಿಕೊಳ್ಳುವವಳು. ಸಂಘದ ಆಂಬ್ಯುಲೆನ್ಸಿನ ಸೆಟ್ಟೂ ಅವಳ ಕೈಯದೇ. ಸೆಟ್ಟಿನಲ್ಲಾಗಲಿ ಚಾನೆಲ್ಲಿನಲ್ಲಾಗಲಿ ತೊಂದರೆಯಿರಲಿಲ್ಲ, ಕರೆ ಬಂದಾಗ ಡ್ರೈವರ್ ಮಂಜಯ್ಯ ನಿದ್ದೆ ಹೋಗಿದ್ದ ಎಂದು ಆ ಹಾಳೆ ಹೇಳುತ್ತಿತ್ತು.

ಕಳಸದ ಕಡೆಯ ತೋಟವೊಂದರಲ್ಲಿ ಮರದ ಕೊಂಬೆ ಬಿದ್ದು ದ್ಯಾವಮ್ಮನೆಂಬ ಆಳಿನ ಕಾಲು ಜಜ್ಜಿಹೋಗಿತ್ತು. ಮೊಬೈಲು ಪೇಟೆ ದಾಟಿದರೆ ಸತ್ತುಹೋಗುತ್ತಿದ್ದ ಕಾಲ. ತೋಟದ ರೈಟರು ವೈರ್‌ಲೆಸ್ಸಿನಲ್ಲಿ ಕೂಗಿ ಕೂಗಿ ಸೋತು, ಕೊನೆಗೆ ಪಿಕಪ್ಪಿನಲ್ಲಿ ಮಲಗಿಸಿಕೊಂಡು ಹೊರಟರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲು ಉಳಿಯುವ ಹಾಗಿರಲಿಲ್ಲ. "ಕರೆ ಬರ್ಲೇ ಇಲ್ಲ. ಬರೀ ಕರಕರ ಅಂತಿತ್ತು," ಎಂದು ಮಂಜಯ್ಯ ಕಂಡಕಂಡವರಿಗೆಲ್ಲ ಹೇಳಿದ. ನಂಬಿದವಳು ಸುಪ್ರಿಯಾ ಒಬ್ಬಳೇ. ಆಂಬ್ಯುಲೆನ್ಸಿನಲ್ಲಿ ಕೂತು ಆ ಕರಕರವನ್ನು ಅವಳೂ ಕೇಳಿದ್ದಳು. ಅದು ಶುರುವಾದದ್ದು, ಹಳ್ಳಕ್ಕೆ ಕಟ್ಟೆ ಕಟ್ಟಿ ಕರೆಂಟು ತೆಗೆಯುವ ಕಂಪನಿಯವರು ಎದುರಿನ ಗುಡ್ಡದ ಮೇಲೆ ತಮ್ಮದೊಂದು ಟ್ರಾನ್ಸ್‌ಮಿಟರ್ ಇಟ್ಟ ಮೇಲೆ. ಗುಡ್ಡ ಚನ್ನಕೇಶವರದು, ಅದರ ಬಾಡಿಗೆಯೂ ಅವರಿಗೇ.

ಪಕ್ಕದಲ್ಲೇ ಕೂತಿದ್ದ ಕಂಪನಿಯ ಎಂಜಿನಿಯರ್ ನಂದನ್, ಯಾವ ಚಾನೆಲ್ಲಿನಲ್ಲಿ ಎಷ್ಟು ಸಿಗ್ನಲ್ ಇದೆಯೆಂದು ಗೆರೆ ಎಳೆದು ತೋರಿಸುವ ತನ್ನ ಸ್ಪೆಕ್ಟ್ರಮ್ ಅನಲೈಸರನ್ನು ಮೇಜಿನ ಮೇಲಿಟ್ಟು ಪರದೆ ತೋರಿಸಿದ. "ನೋಡಿ, ನಿಮ್ಮ ಚಾನೆಲ್ ಖಾಲಿ."

ಸುಪ್ರಿಯಾ ಕೈಚಾಚಿ, ಕಂಡದ್ದನ್ನು ಅಳಿಸದೆ ಉಳಿಸಿಕೊಳ್ಳುವಂತೆ ಅದರ ಗುಂಡಿ ಒತ್ತಿದಳು. ಎಲ್ಲರೂ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಖಾಲಿ ಎಂದಿದ್ದ ಜಾಗದಲ್ಲಿ ಗೆರೆ ಉಬ್ಬಿ ದಿಬ್ಬವಾಗಿತ್ತು.

"ಗುಡ್ಡದ ಮೇಲೆ ಎಷ್ಟೋ ಜನರ ಸೆಟ್ಟುಗಳಿವೆ. ಇದು ನಮ್ಮದೇ ಅಂತ ಹೇಗೆ ಹೇಳ್ತೀರ?" ಎಂದ ನಂದನ್.

"ಒಂದು ಗಳಿಗೆ ನಿಮ್ಮದನ್ನ ಆಫ್ ಮಾಡಿ. ಗೊತ್ತಾಗುತ್ತೆ."

"ಆಗಲ್ಲ. ಹಳ್ಳದ ನೀರಿನ ಮಟ್ಟ ಆಗಾಗ ಪವರ್‌ಹೌಸಿಗೆ ತಿಳಿಸೋದೇ ಅದು. ಹೆಡ್ಡಾಫೀಸು ಒಪ್ಪಬೇಕು."

"ಎಂಥಕ್ಕಮ್ಮ ಈ ಹಠ?" ಎಂದರು ಚನ್ನಕೇಶವ. "ಅವ್ರ ಹತ್ರ ಯಂತ್ರ ಇದೆ. ನಿನ್ನ ಹತ್ರ ಎಂಥ ಇದೆ?"

"ತರ್ತೀನಿ," ಎಂದು ಸುಪ್ರಿಯಾ ಎದ್ದಳು.

ಚಿಕ್ಕಮಗಳೂರಿನ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದ್ದ ಷಡಕ್ಷರಿ ಮೇಷ್ಟ್ರು ಪ್ರಯೋಗಾಲಯದ ಬೀಗ ತೆಗೆದರು. ಅಲ್ಲಿ ಎರಡು ಯಂತ್ರಗಳಿದ್ದವು.

"ಸ್ಪೆಕ್ಟ್ರಮ್ ಅನಲೈಸರೇ ತಗೊಂಡು ಹೋಗು ಮಾರಾಯ್ತಿ. ಹಗೂರ ಇದೆ. ಅಗಲಕ್ಕೆ ನೋಡುತ್ತೆ."

"ಅಗಲಕ್ಕೆ ನೋಡುತ್ತೆ ಸಾರ್, ಆದ್ರೆ ಅಂಗಳ ಗುಡಿಸಿದ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತೆ. ಅದು ಆ ತುದೀಲಿರುವಾಗ ಈ ತುದೀಲಿ ಏನಾಯ್ತು ಅಂತ ಗೊತ್ತಾಗಲ್ಲ. ದಿಬ್ಬ ಇದೆ ಅನ್ನೋದು ಆಗ್ಲೇ ಕಂಡಾಯ್ತು. ಅದು ಯಾರದು ಅಂತ ಬೇಕು ನಂಗೆ."

ಷಡಕ್ಷರಿ ಎರಡನೆಯ ಯಂತ್ರ, ಭಾರದ ಸಿಗ್ನಲ್ ಅನಲೈಸರಿನ ಮೇಲೆ ಕೈಯಿಟ್ಟರು. "ಇದು ಒಂದು ಸಲಕ್ಕೆ ನೋಡೋ ಕಿಟಕಿ ಸಣ್ಣದು, ನಾಕಾರು ಚಾನೆಲ್ ಅಷ್ಟೇ. ಕಿಟಕಿಯೊಳಗಿದ್ದದ್ದನ್ನೆಲ್ಲ ಒಟ್ಟಿಗೇ ಹಿಡಿಯುತ್ತೆ, ನಿಜ. ಆದ್ರೆ ಕಳ್ಳ ಕಿಟಕಿ ಆಚೆ ನಿಂತಿದ್ರೆ? ಎಲ್ಲರ ಎದುರಿಗೆ ನಗೆಪಾಟಲಾಗ್ತೀಯ."

"ಆಗ್ಲಿ ಬಿಡಿ. ನಕ್ಕ ಮೇಲೂ ನಾನು ಸಹಿ ಹಾಕಲ್ಲ."

ಮೇಷ್ಟ್ರು ಯಂತ್ರದ ಒಂದು ತುದಿಗೆ ಕೈ ಕೊಟ್ಟರು. ಕೆಲಸದಿಂದ ನಿಲ್ಲಿಸಲ್ಪಟ್ಟಿದ್ದ ಮಂಜಯ್ಯ ಜೀಪಿನ ಹಿಂದೆ ಕೂತು, ತಿರುವು ಬಂದಾಗಲೆಲ್ಲ ಅದನ್ನು ರೋಗಿಯನ್ನು ಹಿಡಿದ ಹಾಗೆ ಎರಡು ಕೈಯಿಂದ ಹಿಡಿದುಕೊಂಡ.

ಸಂಘದ ಸಭಾಂಗಣದಲ್ಲಿ ಆಂಟೆನಾ ಗುಡ್ಡದ ಕಡೆಗೆ ತಿರುಗಿತು. ಕಂಪನಿಯ ಚಾನೆಲ್ಲನ್ನೂ ಆಂಬ್ಯುಲೆನ್ಸಿನ ಚಾನೆಲ್ಲನ್ನೂ ಸುಪ್ರಿಯಾ ಒಂದೇ ಕಿಟಕಿಯೊಳಗೆ ತಂದು ನಿಲ್ಲಿಸಿದಳು. ಪರದೆಯಲ್ಲಿ ಏನೂ ಏಳಲಿಲ್ಲ. ನಂದನ್ ಗಡಿಯಾರ ನೋಡಿಕೊಂಡ. ಚನ್ನಕೇಶವ ಜೇಬಿನಲ್ಲಿ ಕಾರಿನ ಕೀಲಿ ಹುಡುಕತೊಡಗಿದರು. ಸುಪ್ರಿಯಾ ಪರದೆಯಿಂದ ಕಣ್ಣು ಕೀಳಲಿಲ್ಲ.

ದಿಬ್ಬಗಳು ಎದ್ದವು. ಕಂಪನಿಯ ಜಾಗದಲ್ಲಿ ಒಂದು ದೊಡ್ಡದು, ಆಂಬ್ಯುಲೆನ್ಸಿನ ಜಾಗದಲ್ಲಿ ಒಂದು ಸಣ್ಣದು. ಒಟ್ಟಿಗೆ ಎದ್ದು ಒಟ್ಟಿಗೆ ಅಡಗಿದವು. ಯಂತ್ರ ಹಿಡಿದಿಟ್ಟುಕೊಂಡದ್ದನ್ನು ಅವಳು ನಿಧಾನಕ್ಕೆ ಮತ್ತೆ ಓಡಿಸಿದಳು. ಇನ್ನೊಮ್ಮೆ ಬಂದದ್ದನ್ನೂ ಓಡಿಸಿದಳು. ದೊಡ್ಡದು ತಲೆಯೆತ್ತಿದ ಕ್ಷಣವೇ ಸಣ್ಣದೂ ಎತ್ತುತ್ತಿತ್ತು. ನಂದನ್ ಪರದೆಗೆ ಹತ್ತಿರ ಬಗ್ಗಿದ.

"ನಮ್ಮದೇ. ಪಕ್ಕದ ಚಾನೆಲ್ಲಿಗೆ ಚೆಲ್ತಾ ಇದೆ," ಎಂದ, ತನಗೇ ಹೇಳಿಕೊಂಡಂತೆ.

"ಸರಿ ಹಾಗಾದ್ರೆ," ಎಂದರು ಚನ್ನಕೇಶವ. "ಕಂಪನಿಯವ್ರು ಸದ್ದಿಲ್ದೆ ರಿಪೇರಿ ಮಾಡ್ಕೊಳ್ಲಿ. ಹಾಳೆ ಹಾಗೇ ಇರ್ಲಿ. ಯಂತ್ರ ಆಫ್ ಮಾಡಮ್ಮ."

"ಹಾಳೇಲಿ ನಿದ್ದೆ ಅಂತ ಇದೆ ಸಾರ್. ಅದು ಹೋಗೋ ತನಕ ಇದು ಓಡ್ತಾ ಇರುತ್ತೆ. ದ್ಯಾವಮ್ಮನ ಮನೆಯವ್ರನ್ನೂ ಕರೆಸಿ, ಅವ್ರೂ ನೋಡ್ಲಿ."

"ಮಂಜಯ್ಯಂಗೆ ನನ್ನ ತೋಟದಲ್ಲೇ ಕೆಲಸ ಕೊಡ್ತೀನಿ ಅಂದ್ರೆ?"

"ಬ್ಯಾಡ ಅಯ್ಯಾ," ಬಾಗಿಲ ಬಳಿಯಿಂದ ಮಂಜಯ್ಯನ ದನಿ ಬಂತು. "ನಾನು ಎದ್ದೇ ಇದ್ದೆ."

ಚನ್ನಕೇಶವ ಕುರ್ಚಿ ಸರಿಸಿ, ಯಂತ್ರದ ಪ್ಲಗ್ಗು ಹಾಕಿದ್ದ ಗೋಡೆಯ ಸ್ವಿಚ್ಚಿನ ಕಡೆಗೆ ನಡೆದರು. ಅವರಿಗಿಂತ ಮೊದಲೇ ಮಂಜಯ್ಯ ಅಲ್ಲಿಗೆ ಹೋಗಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಕೈ ಎತ್ತಲಿಲ್ಲ. ಚನ್ನಕೇಶವ ಅವನ ಮುಖ ನೋಡಿದರು. ಅಷ್ಟರಲ್ಲಿ ನಂದನ್ ಫೋನಿನ ಹತ್ತಿರ ಹೋಗಿ ಪವರ್‌ಹೌಸಿಗೆ ಕರೆ ಮಾಡಿದ್ದ. "ಹೆಡ್ಡಾಫೀಸಿಗೆ ನಾನು ಹೇಳ್ತೀನಿ. ನೀವು ಈಗ ಆಫ್ ಮಾಡಿ," ಎನ್ನುತ್ತಿದ್ದ.

ಚನ್ನಕೇಶವ ಮೇಜಿಗೆ ಮರಳಿ, ನಿದ್ದೆಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಮ್ಮ ಹೆಸರು ಬರೆದರು. "ಇನ್ನು ಮುಂದೆ ಸಂಘದ ಸೆಟ್ಟುಗಳನ್ನ ಬೇರೆಯವ್ರು ನೋಡ್ಕೊಳ್ತಾರೆ ಸುಪ್ರಿಯಾ."

"ನೋಡ್ಕೊಳ್ಲಿ ಸಾರ್."

ಅವರ ಕಾರು ಗೇಟು ದಾಟಿತು. ಪರದೆಯ ಮೇಲೆ ಗೆರೆ ಉದ್ದಕ್ಕೂ ಮಟ್ಟಸವಾಗಿ ಮಲಗಿತ್ತು. ಸುಪ್ರಿಯಾ ಕೇಬಲ್ಲು ಸುತ್ತಲು ಶುರುಮಾಡಿದಳು. ಮಂಜಯ್ಯ ಮಾತ್ರ ಇನ್ನೂ ಗೋಡೆಗೆ ಬೆನ್ನು ಒತ್ತಿ ಅಲ್ಲೇ ನಿಂತಿದ್ದ.