ಹಿಂದಿನ ಸೀಟಿನ ಕೆಂಪು ಕಲೆ

ನಾನು ಒಂದು ಕರೆಂಟು ಕಾರಿನ ಹಿಂದಿನ ಸೀಟು. ಹುಟ್ಟಿದ್ದು ಕಾರ್ಖಾನೆಯಲ್ಲಿ. ಅಚ್ಚಿನೊಳಗೆ ಸುರಿದ ನೊರೆ ಉಬ್ಬಿ ಸ್ಪಂಜಾಯಿತು, ಮೇಲೆ ಕೆನೆಬಣ್ಣದ ಬಟ್ಟೆ ಹೊಲಿದರು. ನನ್ನ ಗೊಂದಲ ಶುರುವಾದದ್ದೂ ಅಲ್ಲಿಂದಲೇ. ಬೇರೆ ಕಾರುಗಳ ಸೀಟುಗಳಿಗೆ ಎಂಜಿನ್ ಗುರುಗುಟ್ಟಿದರೆ ಹೊರಟೆವೆಂದು ತಿಳಿಯುತ್ತದಂತೆ. ನಮ್ಮ ಕಾರಿಗೆ ಸದ್ದೇ ಇಲ್ಲ. ಹೊರಟಿದ್ದೇವೋ ನಿಂತಿದ್ದೇವೋ ಎಂಬುದು ರಸ್ತೆಯ ಗುಂಡಿ ಬಂದಾಗಲೇ ನನಗೆ ಗೊತ್ತಾಗುವುದು.

ಮೊದಲ ಯಜಮಾನರು ಹಾಸನದ ವಸುಪಾಲ್ ಮೇಷ್ಟ್ರು. ಅವರ ಮಗಳು ಸುನಂದಾಳ ಮದುವೆ. ಅರಿಶಿನ ಶಾಸ್ತ್ರ ಮುಗಿದಿದ್ದೇ ತಡ, ಮರೆತ ಬಳೆ ತರಬೇಕೆಂದು ಒದ್ದೆ ಸೀರೆಯಲ್ಲೇ ನನ್ನ ಮೇಲೆ ಕುಳಿತು ಛತ್ರದಿಂದ ಮನೆಗೆ ಹೊರಟಳು, ದಾರಿಯುದ್ದಕ್ಕೂ ನಗುತ್ತ. ಅವಳು ಇಳಿದಾಗ ನನ್ನ ಮೇಲೆ ಅಂಗೈಯಗಲ ಹಳದಿ ಉಳಿಯಿತು. "ಮಂಗಳದ್ದು, ಇರಲಿ ಬಿಡಿ" ಎಂದರು ಅವಳ ತಾಯಿ. ನನಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ವರ್ಷಗಟ್ಟಲೆ ಜನ ಹತ್ತಿ ಇಳಿದು ನನ್ನ ಅಂಚಿನ ಹೊಲಿಗೆ ಬಿಟ್ಟಿತು, ನಡು ಕುಸಿಯಿತು.

ಮೇಷ್ಟ್ರ ಕಣ್ಣು ಮಂಜಾದ ಮೇಲೆ ಕಾರು ಹಳೆ ಕಾರಿನ ಅಂಗಡಿ ಸೇರಿತು. ಅಲ್ಲಿಂದ ಕೊಂಡವನು ಸೈಕಲ್ ಅಂಗಡಿಯ ಲೋಕೇಶ. ಅವನ ಹೆಂಡತಿ ಹೇಮಾವತಿ ಬಸುರಿ. ಹಿಂದೆ ಎರಡು ಸಲ ಮಗು ಉಳಿದಿರಲಿಲ್ಲ. ಈ ಸಲ ಆಸ್ಪತ್ರೆಗೆ ಹೋಗಿಬರಲು ಆಟೊದ ಕುಲುಕಾಟ ಬೇಡವೆಂದೇ ಈ ಕಾರು.

ಭಾನುವಾರ ಲೋಕೇಶ ಬಟ್ಟೆ ಸೋಪು ಹಿಡಿದು ನನ್ನನ್ನು ತೊಳೆಯಲು ಕೂತ. ತನ್ನ ಅಂಗಿಯನ್ನೇ ಎಂದೂ ಒಗೆದುಕೊಂಡವನಲ್ಲ. ಅವನು ಉಜ್ಜಿದಷ್ಟೂ ನನ್ನ ಹಳದಿ ಕೆಂಪಗಾಯಿತು. ಅವನ ಕೈ ನಿಂತಿತು.

"ರಕ್ತ" ಎಂದುಕೊಂಡ. "ಯಾರೋ ಸತ್ತವ್ರೆ ಇದ್ರಲ್ಲಿ."

ನನಗೂ ಅನುಮಾನ ಹತ್ತಿತು. ಅರಿಶಿನ ಎಂದೇ ನಂಬಿದ್ದೆನಲ್ಲ? ಸುನಂದಾ ನಕ್ಕದ್ದು ನಿಜವೋ, ನಾನೇ ಕಟ್ಟಿಕೊಂಡದ್ದೋ? ಏನೂ ತಲೆಬುಡ ತಿಳಿಯಲಿಲ್ಲ.

"ಏನ್ರೀ, ಹೋಯ್ತಾ ಕಲೆ?" ಒಳಗಿನಿಂದ ಹೇಮಾವತಿ ಕೇಳಿದಳು.

"ಈ ಕಡೆ ಬರಬೇಡ ನೀನು, ನೆಲ ಜಾರುತ್ತೆ."

ಹೆದರಿಯಾಳೆಂದು ಅವಳಿಗೆ ಹೇಳಲೇ ಇಲ್ಲ. ಸ್ಪಂಜು ತುಂಬಿಸಬೇಕೆಂದು ಸುಳ್ಳು ಹೇಳಿ, ಸೀಟು ಹೊಲಿಯುವ ಸಾದಿಕ್ ಸಾಬರ ಹತ್ತಿರ ಕಾರು ಒಯ್ದ.

"ಕವರ್ ಹಾಕಿಕೊಡ್ತೀನಿ ಬಿಡಿ" ಎಂದರು ಸಾಬರು.

"ಮುಚ್ಚಿದ್ರೆ ಹೋಗಲ್ಲ ಸಾಬ್ರೆ. ಇದೇ ಬೇಡ, ಹೊಸದೇ ಮಾಡಿ."

ನನ್ನನ್ನು ಕಿತ್ತು ಅಂಗಡಿಯ ಮುಂದೆ ಬಿಸಿಲಲ್ಲಿ ಹಾಕಿದರು. ಮಾಡಿದ ತಪ್ಪೇನೆಂದು ಯೋಚಿಸುತ್ತ ಬಿದ್ದಿದ್ದೆ. ತುಂಬಾ ಅವಮಾನವಾಯಿತು.

ಹೊಸ ಸೀಟು ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಲೋಕೇಶ ಓಡಿಬಂದ. ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. "ಹಳೇದೇ ಹಾಕಿ ಸಾಬ್ರೆ, ಬೇಗ" ಎಂದ. ನನ್ನತ್ತ ನೋಡದೆಯೇ ಮೇಲೆ ದುಪ್ಪಟಿ ಎಸೆದ. ಮನೆಯ ಬಾಗಿಲಲ್ಲಿ ಹೇಮಾವತಿ ಹತ್ತುವಾಗ ದುಪ್ಪಟಿ ಜಾರಿತು.

"ನೋಡಬೇಡ ಕಣೇ. ರಕ್ತದ ಕಲೆ. ನಿನಗೆ ಹೇಳಿರ್ಲಿಲ್ಲ" ಎಂದ, ಅಳುವ ದನಿಯಲ್ಲಿ.

"ಎಲ್ಲಿದೆ?"

ಅವನು ಬಗ್ಗಿ ನೋಡಿದ. ನಾನೂ ಹುಡುಕಿದೆ. ಏನೂ ಇರಲಿಲ್ಲ.

"ಹಳದಿ ಇದ್ದದ್ದು ಸೋಪ್ ಹಾಕಿದ್ಮೇಲೆ ಕೆಂಪಾಯ್ತಾ?" ನೋವಿನ ನಡುವೆಯೇ ಅವಳು ಕೇಳಿದಳು. "ಅರಿಶಿನ ಕಣ್ರೀ ಅದು. ಬಿಸಿಲಿಗಿಟ್ರೆ ಹೋಗುತ್ತೆ. ನನ್ನ ಒಂದು ಮಾತು ಕೇಳಬಾರ್ದಿತ್ತಾ? ಮೊದಲು ಗಾಡಿ ಬಿಡಿ."

ಕಾರು ಸದ್ದಿಲ್ಲದೆ ಹೊರಟಿತು. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ನನ್ನ ಮೇಲೆ ಬೆಚ್ಚಗೆ ಏನೋ ಹರಿಯಿತು. ನರ್ಸಮ್ಮ ಓಡಿಬಂದು ಬಾಗಿಲು ತೆಗೆಯುವ ಹೊತ್ತಿಗೆ ಹೆಣ್ಣುಮಗು ನನ್ನ ಮೇಲೆಯೇ ಹುಟ್ಟಿ ಅಳುತ್ತಿತ್ತು. ತಾಯಿ, ಮಗು ಇಬ್ಬರೂ ಉಳಿದರು. ನನ್ನ ತುಂಬ ರಕ್ತ, ಈ ಸಲ ನಿಜವಾದದ್ದು.

ಇನ್ನು ನನ್ನನ್ನು ಬೀದಿಗೆ ಎಸೆಯುವುದೇ ಸೈ ಎಂದುಕೊಂಡೆ. ಲೋಕೇಶ ಸಾಬರ ಅಂಗಡಿಗೆ ಹೋಗಿ ಹೊಸ ಸೀಟೇ ಬೇಡವೆಂದು ಹೇಳಿಬಂದ. ನನ್ನನ್ನು ನೀರಿನಲ್ಲಿ ಒಂದು ಸಲ ಒರೆಸಿದ, ಅಷ್ಟೆ. ಉಳಿದ ಕಂದು ಕಲೆಯನ್ನು ಉಜ್ಜಲು ಯಾರಿಗೂ ಬಿಡಲಿಲ್ಲ. ಇಲ್ಲದ ರಕ್ತಕ್ಕೆ ಹೆದರಿದ ಮನುಷ್ಯ, ಇದ್ದ ರಕ್ತವನ್ನು ಉಳಿಸಿಕೊಂಡ. ನನಗಂತೂ ಅರ್ಥವಾಗಲಿಲ್ಲ.

ಈಗ ಬ್ಯಾಟರಿ ಸತ್ತು ಕಾರು ಗುಜರಿ ಸೇರಿದೆ. ನಾನು ಮಾತ್ರ ಅವರ ಜಗಲಿಯಲ್ಲಿದ್ದೇನೆ. ಗುಂಡಿಯೇ ಬಾರದ್ದರಿಂದ ಎಲ್ಲಿಗಾದರೂ ಹೊರಟಿದ್ದೇನೋ ಏನೋ, ಗೊತ್ತಿಲ್ಲ. ಮೊನ್ನೆ ಆ ಮಗು ಮಂದಾರ, ಶಾಲೆಯಿಂದ ಬಂದು ನನ್ನ ತುದಿಯಲ್ಲಿ ಕೂತವಳು, ಕಲೆ ತೋರಿಸಿ ಮೂಗು ಮುರಿದಳು.

"ಅಪ್ಪ, ಇದೇನು ಕಲೆ?"

"ಅದಾ? ಅದು ನೀನೇ ಕಣವ್ವ."

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಸ್ವಲ್ಪ ಸರಿದು, ಸರಿಯಾಗಿ ಆ ಕಲೆಯ ಮೇಲೆಯೇ ಕುಳಿತಳು.