ಎರಡು ಕೆಂಪು ಗಂಟುಗಳ ನಡುವೆ

ಅರ್ಧದಷ್ಟು ನಾನು ಬಕೆಟ್ಟಿನ ಸಿಹಿನೀರಿನಲ್ಲಿದ್ದೇನೆ, ಇನ್ನರ್ಧ ಶಶಿಕಲಾಳ ತೊಡೆಯ ಮೇಲಿದ್ದೇನೆ. ಕಡಲಿಗೆ ಇಳಿದು ಬಂದ ಹಗ್ಗವನ್ನು ಉಪ್ಪು ಬಿಡುವವರೆಗೆ ತೊಳೆಯಬೇಕು. ಇಲ್ಲದಿದ್ದರೆ ಒಣಗಿದ ಮೇಲೆ ಮಕ್ಕಳ ಅಂಗೈ ತರಚುತ್ತದೆ. ಅದಕ್ಕೇ ಅವಳು ಪ್ರತಿ ಕಾರ್ಯಕ್ರಮದ ಮಾರನೆಯ ಬೆಳಿಗ್ಗೆ ಕಡಲ ವಿಜ್ಞಾನ ಕೇಂದ್ರದ ಹಿಂಬದಿಯ ಕಟ್ಟೆಯ ಮೇಲೆ ಕೂತು ನನ್ನನ್ನು ಬೆರಳುಗಳ ನಡುವೆ ಗೇಣು ಗೇಣಾಗಿ ಎಳೆಯುತ್ತಾಳೆ. ಕೆಂಪು ಬಟ್ಟೆಯ ಗಂಟು ಬಂದಾಗ ಅದನ್ನು ಹಿಂಡಿ ಮುಂದಿನದಕ್ಕೆ ಹೋಗುತ್ತಾಳೆ. ಇಂದು ಅವಳ ಬೆರಳುಗಳು ನಿಧಾನ. ಆ ಜಾಗ ಇನ್ನೂ ಬಂದಿಲ್ಲ. ಅದು ಬಕೆಟ್ಟಿನ ತಳದಲ್ಲಿದೆ. ಅವಳಿಗೂ ಗೊತ್ತು, ನನಗೂ ಗೊತ್ತು.

ನಾನು ಒಂದು ಹಗ್ಗ. ಒಂದು ಕಾಲಕ್ಕೆ ನೀಲಿಯಾಗಿದ್ದೆ, ಈಗ ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿದ್ದೇನೆ. ಹುಟ್ಟಿದ್ದು ಕಡಲಿನಿಂದ ಬಹುದೂರದ ಒಂದು ಕಾರ್ಖಾನೆಯಲ್ಲಿ. ಕಾಳಿನಂತಹ ಪ್ಲಾಸ್ಟಿಕ್ಕನ್ನು ಕರಗಿಸಿ ನೂಲು ಎಳೆದರು, ನೂಲುಗಳನ್ನು ಸೇರಿಸಿ ಎಳೆ ಮಾಡಿದರು, ಮೂರು ಎಳೆಗಳನ್ನು ಹೊಸೆದು ನನ್ನನ್ನು ಮಾಡಿದರು. ಮೂರೂ ಒಂದನ್ನೊಂದು ಎಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದವೆಂದರೆ ನಾನು ಮೂರು ಎನ್ನುವುದೇ ನನಗೆ ತಿಳಿದಿರಲಿಲ್ಲ. ಹೊಸ ಹಗ್ಗಕ್ಕೆ ಭಯ ಗೊತ್ತಿರುವುದಿಲ್ಲ.

ಕುಮಟೆಯ ಕಡೆಯ ಒಂದು ಬಂದರಿನ ಅಂಗಡಿಯಿಂದ ಈರಪ್ಪ ಹರಿಕಾಂತ ಎಂಬುವವನು ನನ್ನನ್ನು ಕೊಂಡು ತನ್ನ ದೋಣಿಯ ಲಂಗರಿಗೆ ಕಟ್ಟಿದ. ಎರಡು ಮಳೆಗಾಲ ನಾನು ಅವನ ದೋಣಿಯನ್ನು ನಿಲ್ಲಿಸಿದ್ದೆ. ಆಮೇಲೆ ಒಂದು ದಿನ ಲಂಗರು ನೀರಿನಡಿಯ ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಮೇಲೆ ದೋಣಿ ಎಗರುತ್ತಿತ್ತು, ಕೆಳಗೆ ಲಂಗರು ಬಿಡುತ್ತಿರಲಿಲ್ಲ. ನಡುವೆ ನಾನು ಬಂಡೆಯ ಅಂಚಿಗೆ ತಾಗಿ ಹಿಂದೆ ಮುಂದೆ ಉಜ್ಜುತ್ತಿದ್ದೆ. ನನ್ನೊಳಗಿನ ಒಂದು ಎಳೆ ಕತ್ತರಿಸಿ ಹೋದದ್ದು ಅಲ್ಲಿ. ಸದ್ದಾಗಲಿಲ್ಲ. ಉಳಿದ ಎರಡು ಎಳೆಗಳು ಅದರ ಮೇಲೆ ಮುಚ್ಚಿಕೊಂಡವು. ಹೊರಗಿನಿಂದ ನೋಡಿದವರಿಗೆ ಸ್ವಲ್ಪ ಜುಂಗು ಎದ್ದಿದೆ ಅನ್ನಿಸಬೇಕು, ಅಷ್ಟೇ. ಅಂದಿನಿಂದ ನನ್ನೊಳಗೆ ಭಯ ಸೇರಿಕೊಂಡಿತು.

ದಡಕ್ಕೆ ಬಂದ ಮೇಲೆ ಈರಪ್ಪ ಆ ಜಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. ಹುಳ ಹೊಕ್ಕ ಹಲ್ಲಿನ ಹಾಗೆ, ಹೊರಗೆ ಮಾತ್ರ ಚೆಂದ ಎಂದು ಹೇಳಿ ನನ್ನನ್ನು ಅಂಗಳಕ್ಕೆ ಎಸೆದ. ಅವನ ಹೆಂಡತಿ ದೇವಕಿ ನನ್ನನ್ನು ಎರಡು ತೆಂಗಿನ ಮರಗಳ ನಡುವೆ ಬಿಗಿದು ಬಟ್ಟೆ ಹರವಿದಳು. ಅದು ನನ್ನ ಸುಖದ ಕಾಲ. ಎರಡು ಸೀರೆ, ಒಂದು ಲುಂಗಿ, ಆಗಾಗ ಬಂದು ಕೂರುವ ಕಾಗೆ. ಅಷ್ಟು ಭಾರಕ್ಕೆ ಹೆದರಬೇಕಾದ್ದು ಏನೂ ಇರಲಿಲ್ಲ.

ದೇವಕಿಗೆ ಆಮೇಲೆ ಕಡಲ ವಿಜ್ಞಾನ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಗಾಜಿನ ತೊಟ್ಟಿಗಳನ್ನು ಒರೆಸುವುದು, ನೆಲ ಗುಡಿಸುವುದು, ಶಾಲೆಯ ಬಸ್ಸು ಬಂದರೆ ಮಕ್ಕಳ ಚಪ್ಪಲಿ ಜೋಡಿಸುವುದು. ಅಲ್ಲಿ ಮಕ್ಕಳಿಗೆ ವಿವರಣೆ ಕೊಡುವವಳು ಶಶಿಕಲಾ ಹಿರೇಮಠ. ಮರಳಿನ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಲು ಒಂದು ಗೆರೆಯಂತಹದ್ದು ಬೇಕು ಎಂದು ಅವಳು ಒಮ್ಮೆ ಕೇಳಿದಳು. ಹಳೆಯ ಹಗ್ಗವೊಂದಿದೆ, ಬಟ್ಟೆ ಒಣಗಿಸುವುದು ಎಂದು ದೇವಕಿ ನನ್ನನ್ನು ತಂದುಕೊಟ್ಟಳು. ಗೆರೆಗೆ ಎಂಥ ಹಗ್ಗವಾದರೇನು?

ಆದರೆ ಕೆಲಸ ಬೆಳೆಯುತ್ತದೆ. ಮೊದಲು ನಾನು ಮರಳಿನ ಮೇಲೆ ಮಲಗಿದ್ದ ಗೆರೆ. ಆಮೇಲೆ ಮಕ್ಕಳು ಚದುರದಂತೆ ಹಿಡಿದು ನಡೆಯುವ ಹಗ್ಗ. ಒಬ್ಬೊಬ್ಬರಿಗೆ ಒಂದೊಂದು ಹಿಡಿ ಇರಲೆಂದು ಶಶಿಕಲಾ ತನ್ನ ಹಳೆಯ ಕೆಂಪು ರವಿಕೆ ಬಟ್ಟೆ ಹರಿದು ಗಂಟು ಕಟ್ಟಿದಳು. ಆಮೇಲೆ ಯಾರಿಗೂ ತಿಳಿಯದ ಹಾಗೆ ನಾನು ಬಂಡೆಗಳ ಮೇಲೆ ಕಟ್ಟುವ ಆಸರೆಯಾದೆ. ಇದು ಒಂದು ಕಾಲಕ್ಕೆ ಲಂಗರಿನ ಹಗ್ಗವಾಗಿತ್ತು ಎಂಬುದು ಎಲ್ಲರಿಗೂ ತಿಳಿದಿತ್ತು. ಲಂಗರಿನಿಂದ ಯಾಕೆ ಬಿಚ್ಚಿದರು ಎಂದು ಯಾರೂ ಕೇಳಲಿಲ್ಲ. ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಪ್ರಭು ನನ್ನನ್ನು ತಟ್ಟಿ, ದೋಣಿ ನಿಲ್ಲಿಸಿದ ಹಗ್ಗ, ಆನೆ ಕಟ್ಟಿದರೂ ನಿಲ್ಲುತ್ತದೆ ಎಂದು ಬಂದವರಿಗೆ ಹೇಳುತ್ತಿದ್ದರು. ಹಾಗೆ ಅವರು ಹೇಳಿದಾಗಲೆಲ್ಲ ನನ್ನ ಆ ಜಾಗ ತಣ್ಣಗಾಗುತ್ತಿತ್ತು.

ಶಶಿಕಲಾಳ ಕತೆಯೂ ನನ್ನದರಂತೆಯೇ. ಅವಳು ಗದಗಿನ ಕಡೆಯವಳು. ಅವಳ ಊರಿನಲ್ಲಿ ನೀರು ಕೊಡದೊಳಗೆ ಇರುತ್ತಿತ್ತು. ಗೋಡೆಯ ಚಿತ್ರಗಳನ್ನು, ತೊಟ್ಟಿಯ ಮೀನುಗಳನ್ನು ಮಕ್ಕಳಿಗೆ ವಿವರಿಸಲು ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ಮಕ್ಕಳನ್ನು ಕರೆದೊಯ್ದು ನಕ್ಷತ್ರ ಮೀನು, ಏಡಿ, ಕಡಲ ಹೂ ತೋರಿಸುತ್ತಿದ್ದ ಹುಡುಗ ಬೇರೆ ಊರಿಗೆ ಹೋದ ಮೇಲೆ, ಒಂದು ಸಲ ನೀವೇ ನೋಡಿಕೊಳ್ಳಿ ಎಂದರು. ಆ ಒಂದು ಸಲ ಮುಗಿಯಲೇ ಇಲ್ಲ. ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಅವಳಿಗೆ ಈಜು ಬರುವುದಿಲ್ಲ ಎನ್ನುವುದು ನನಗೆ ಅವಳ ಅಂಗೈಯಿಂದ ತಿಳಿಯಿತು. ಕಡಲಿಗೆ ಹೆದರಬಾರದು, ಅದಕ್ಕೆ ಮರ್ಯಾದೆ ಕೊಡಬೇಕು ಎಂದು ಮಕ್ಕಳಿಗೆ ನಗುತ್ತ ಹೇಳುವಾಗಲೆಲ್ಲ ಆ ಅಂಗೈ ಬೆವರಿ ನನ್ನನ್ನು ಹಿಂಡುತ್ತಿತ್ತು. ನೀರು ಪಾದಕ್ಕೆ ತಾಗಿದರೆ ಅವಳ ಮಾತು ನಿಲ್ಲುತ್ತಿರಲಿಲ್ಲ, ಉಸಿರು ನಿಲ್ಲುತ್ತಿತ್ತು. ಮನೆಯಲ್ಲಿ ಹೇಳಿದರೆ ಕೆಲಸ ಬಿಡು ಅನ್ನುತ್ತಾರೆ, ಇಲ್ಲಿ ಹೇಳಿದರೆ ಬಂಡೆಗೆ ಬೇರೆಯವರನ್ನು ಹಾಕುತ್ತಾರೆ. ಅವಳಿಗೆ ಆ ಬಂಡೆಗಳೂ ಬೇಕಾಗಿದ್ದವು. ಅಂಗೈಯಲ್ಲಿ ನಕ್ಷತ್ರ ಮೀನು ಇಟ್ಟಾಗ ಮಗುವಿನ ಮುಖ ಬದಲಾಗುವುದನ್ನು ನೋಡಲು ಅವಳು ಇಷ್ಟು ವರ್ಷ ಹೆದರಿಕೊಂಡೇ ನೀರಿಗೆ ಇಳಿದಿದ್ದಳು.

ನಿನ್ನೆ ಕೇಂದ್ರದಲ್ಲಿ ಕಡಲ ದಿನ. ಮೂರು ಶಾಲೆಗಳ ಮಕ್ಕಳು, ಶಾಮಿಯಾನ, ದೀಪದ ಕಂಬ, ಮುಖ್ಯ ಅತಿಥಿ. ಬೆಳಿಗ್ಗೆ ಒಂಬತ್ತಕ್ಕೆ ನೀರು ಪೂರ್ತಿ ಇಳಿಯುತ್ತದೆ, ಅಷ್ಟರೊಳಗೆ ಉದ್ಘಾಟನೆ ಮುಗಿಸಿ ಮಕ್ಕಳನ್ನು ಬಂಡೆಗೆ ಕರೆದೊಯ್ಯುವುದು ಎಂದು ಗೊತ್ತಾಗಿತ್ತು. ಬಂಡೆಗೆ ಹೋಗುವ ದಿನ ಶಶಿಕಲಾ ಚೂಡಿದಾರ, ಕ್ಯಾನ್ವಾಸ್ ಬೂಟು ಹಾಕುತ್ತಾಳೆ. ನಿನ್ನೆ ಅತಿಥಿಯ ಮುಂದೆ ಆರತಿ ತಟ್ಟೆ ಹಿಡಿಯಬೇಕೆಂದು ಅವಳಿಗೆ ಸೀರೆ ಉಡಲು ಹೇಳಿದ್ದರು.

ಒಂಬತ್ತಾಯಿತು. ಅತಿಥಿ ಇನ್ನೊಂದು ಊರಿನ ಇನ್ನೊಂದು ದೀಪ ಹಚ್ಚುತ್ತಿದ್ದರಂತೆ. ನೀರು ಇಳಿದು, ನಿಂತು, ಮತ್ತೆ ತಿರುಗಿತು. ಶಶಿಕಲಾ ಡಾಕ್ಟರ್ ಪ್ರಭು ಅವರ ಬಳಿ ಹೋಗಿ ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿಬರುತ್ತೇನೆ ಎಂದು ಕೇಳಿಕೊಂಡಳು.

"ಅವರು ಬಂದು ಖಾಲಿ ಕುರ್ಚಿಗಳ ಎದುರು ದೀಪ ಹಚ್ಚಬೇಕಾ, ಶಶಿಕಲಾ ಅವರೇ?" ಎಂದರು ಅವರು. ಕೆಟ್ಟ ಮನುಷ್ಯರಲ್ಲ. ಕೇಂದ್ರದ ಮಾಡು ಸೋರುತ್ತಿತ್ತು, ಅದರ ರಿಪೇರಿ ಆ ಅತಿಥಿಯ ಒಂದು ಮಾತಿನಲ್ಲಿತ್ತು. ಅವರಿಗೆ ಅವರ ಭಯ.

ಪಕ್ಕದಲ್ಲಿ ನನ್ನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ದೇವಕಿ, "ಕಡಲಿಗೂ ಒಂದು ಆಮಂತ್ರಣ ಕೊಟ್ಟಿದ್ರೆ ಕಾಯ್ತಿತ್ತೇನೋ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದಳು.

ಅತಿಥಿ ಬಂದಾಗ ಹನ್ನೊಂದು ಸಮೀಪಿಸಿತ್ತು. ದೀಪ, ಹಾರ, ಭಾಷಣ. ಭಾಷಣದಲ್ಲಿ ಅವರು ಕಡಲನ್ನು ತಾಯಿ ಎಂದರು. ಆಮೇಲೆ ಬಂಡೆಗಳನ್ನು ನೋಡಬೇಕೆಂದರು. ದಂಡೆಗೂ ದೊಡ್ಡ ಹಾಸುಬಂಡೆಗೂ ನಡುವೆ ಒಂದು ಕೊರಕಲು ಇದೆ. ಇಳಿತದಲ್ಲಿ ಅದರಲ್ಲಿ ಪಾದ ಮುಳುಗುವಷ್ಟು ನೀರು. ಉಬ್ಬರದಲ್ಲಿ ಅದು ಕಡಲೇ. ಅತಿಥಿಗೆ ಬೂಟು ಒದ್ದೆ ಮಾಡಿಕೊಳ್ಳುವ ಮನಸ್ಸಿರಲಿಲ್ಲ. ತಾವು ದಂಡೆಯಲ್ಲಿ ನಿಲ್ಲುತ್ತೇವೆ, ಮಕ್ಕಳು ಆಚೆಯ ಬಂಡೆಯ ಮೇಲೆ ನಿಲ್ಲಲಿ, ಫೋಟೋದಲ್ಲಿ ಹಿಂದೆ ಚೆನ್ನಾಗಿ ಕಾಣುತ್ತದೆ ಎಂದರು.

ಡಾಕ್ಟರ್ ಪ್ರಭು ಶಶಿಕಲಾಳ ಕಡೆ ನೋಡಿದರು. ಅವಳು ಕೊರಕಲಿನ ಕಡೆ ನೋಡಿದಳು. ನೀರು ಇನ್ನೂ ಮೊಣಕಾಲಿಗಿಂತ ಕೆಳಗಿತ್ತು. ಬೆಳಿಗ್ಗೆಯಿಂದ ಕುರ್ಚಿಯಲ್ಲಿ ಕೂತು ಬೇಸತ್ತಿದ್ದ ಮಕ್ಕಳು ಆಗಲೇ ನನ್ನ ಗಂಟುಗಳನ್ನು ಹಿಡಿದು ನಿಂತಿದ್ದರು. ಅವಳು ಒಂದು ತಂಡವನ್ನು ಮಾತ್ರ ಕರೆದುಕೊಂಡಳು. ನನ್ನ ಒಂದು ತುದಿಯನ್ನು ದೇವಕಿ ದಂಡೆಯ ಗಾಳಿಮರಕ್ಕೆ ಬಿಗಿದಳು, ಇನ್ನೊಂದು ತುದಿಯನ್ನು ಶಶಿಕಲಾ ಹಾಸುಬಂಡೆಯ ಕಬ್ಬಿಣದ ಗೂಟಕ್ಕೆ ಕಟ್ಟಿದಳು. ಸರಿಯಾಗಿ ಕೊರಕಲಿನ ಮೇಲೆ, ಎರಡು ಕೆಂಪು ಗಂಟುಗಳ ನಡುವೆ, ನನ್ನ ಆ ಜಾಗ ತೂಗುತ್ತಿತ್ತು. ನನಗೆ ಬಾಯಿ ಇದ್ದಿದ್ದರೆ ಆಗ ಕೂಗುತ್ತಿದ್ದೆ.

ದಾಟುವಾಗ ಮುಬೀನಾ ಎಂಬ ಏಳನೆಯ ತರಗತಿಯ ಹುಡುಗಿ ಕೇಳಿದಳು. "ಅಕ್ಕೋರೇ, ನೀವು ಕಡಲಲ್ಲಿ ಎಷ್ಟು ದೂರ ಈಜಿದ್ದೀರಿ?"

"ಬೇಕಾದಷ್ಟು," ಎಂದಳು ಶಶಿಕಲಾ. ಮಕ್ಕಳು ನಕ್ಕರು. ಗಾಳಿಮರದ ಬಳಿ ನಿಂತಿದ್ದ ದೇವಕಿ ನಗಲಿಲ್ಲ.

ಫೋಟೋ ಬೇಗ ಮುಗಿಯಲಿಲ್ಲ. ಅತಿಥಿ ಒಮ್ಮೆ ಕಣ್ಣು ಮುಚ್ಚಿದ್ದರು. ಇನ್ನೊಮ್ಮೆ ಬೇರೆ ಯಾರದೋ ಮೊಬೈಲಿನಲ್ಲಿ. ಮಕ್ಕಳು ಕೈ ಎತ್ತಲಿ ಎಂದರು, ಎತ್ತಿದ್ದಾಯಿತು. ಅಷ್ಟು ಹೊತ್ತೂ ನಾನು ಕೆಳಗಿನ ನೀರನ್ನೇ ನೋಡುತ್ತಿದ್ದೆ. ಮೊದಲು ಅದು ಬಂಡೆಯ ಮೇಲಿನ ಪಾಚಿಯನ್ನು ಮುಚ್ಚಿತು, ಆಮೇಲೆ ನನ್ನ ಹೊಟ್ಟೆಗೆ ತಾಗಿತು. ದಂಡೆಯಲ್ಲಿದ್ದವರು ಎಳನೀರು ಕುಡಿಯಲು ತಿರುಗಿ ನಡೆದರು.

"ಅಕ್ಕೋರೇ, ನೀರು ಏರ್ತಾ ಅದೆ," ದೇವಕಿ ಕರೆದಳು. ಜೋರಾಗಿ ಅಲ್ಲ, ಮಕ್ಕಳು ಬೆದರುತ್ತಾರೆಂದು.

ಶಶಿಕಲಾ ತಿರುಗಿ ನೋಡಿದಳು. ಕೊರಕಲು ತುಂಬಿತ್ತು. ಅಲೆ ಬಂದಾಗ ಉಬ್ಬಿ, ಹೋದಾಗ ಕೆಳಗಿನಿಂದ ಎಳೆಯುತ್ತಿತ್ತು. ಅವಳ ಅಂಗೈ ನನ್ನ ಮೇಲೆ ಬಿತ್ತು. ಇಷ್ಟು ವರ್ಷದಲ್ಲಿ ಅದು ಅಷ್ಟು ತಣ್ಣಗಾದದ್ದನ್ನು ನಾನು ಕಂಡಿರಲಿಲ್ಲ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಆಟ ಆಡುವ ದನಿಯಲ್ಲಿ, ಒಬ್ಬೊಬ್ಬರಾಗಿ, ಗಂಟಿನಿಂದ ಗಂಟಿಗೆ, ತನ್ನ ಸೊಂಟ ಹಿಡಿದು ದಾಟಬೇಕು ಎಂದು ಹೇಳಿ ನೀರಿಗೆ ಇಳಿದಳು. ಕೊರಕಲಿನ ನಡುವೆ ಹೋಗಿ ನಿಂತಳು. ನೀರು ಅವಳ ತೊಡೆಯವರೆಗೆ ಇತ್ತು. ಸೀರೆ ನೆನೆದು ಕಾಲಿಗೆ ಸುತ್ತಿ ಕಲ್ಲಿನ ಹಾಗೆ ಭಾರವಾಯಿತು.

ಬೇರೆ ಯಾರಾದರೂ ಆಗಿದ್ದರೆ ಒಂದು ಕೈಯಿಂದ ಹಗ್ಗ ಹಿಡಿದು ಇನ್ನೊಂದರಿಂದ ಮಕ್ಕಳನ್ನು ದಾಟಿಸುತ್ತಿದ್ದರು. ಅವಳಿಗೆ ಅಷ್ಟು ಧೈರ್ಯವಿರಲಿಲ್ಲ. ಎಡಗೈಯಿಂದ ಒಂದು ಗಂಟು, ಬಲಗೈಯಿಂದ ಪಕ್ಕದ ಗಂಟು, ಮುಷ್ಟಿ ಬಿಳಿಚುವಷ್ಟು ಬಿಗಿಯಾಗಿ ಹಿಡಿದಳು. ನನ್ನ ಆ ಜಾಗ ಅವಳ ಎರಡು ಮುಷ್ಟಿಗಳ ನಡುವೆ, ಅವಳ ಎದೆಯ ಮುಂದೆ ಇತ್ತು.

ಮಕ್ಕಳು ಬರತೊಡಗಿದರು. ಒಬ್ಬೊಬ್ಬರೂ ಅವಳ ಸೊಂಟ ಅಪ್ಪಿ ಆಚೆಯ ಗಂಟು ಹಿಡಿದಾಗ ಅವಳು ಹೆಸರು ಹಿಡಿದು ಶಹಬಾಸ್ ಎನ್ನುತ್ತಿದ್ದಳು. ಕೊನೆಗೆ ಮೂವರು ಉಳಿದಿದ್ದರು. ಮುಬೀನಾ ಅವರಲ್ಲಿ ಮುಂದಿದ್ದಳು. ಆಗ ದೊಡ್ಡ ಅಲೆಯೊಂದು ಬಂತು. ಹಿಂದಿನ ಇಬ್ಬರೂ ನನ್ನ ಮೇಲೆ ಬಿದ್ದು ಜೋತರು, ಮುಬೀನಾಳ ಕಾಲು ಜಾರಿತು, ಅವಳು ಎರಡು ಕೈಗಳಿಂದಲೂ ನನಗೆ ನೇತುಬಿದ್ದಳು. ನನ್ನೊಳಗೆ ಒಂದು ಎಳೆ ಹರಿಯಿತು. ಇನ್ನುಳಿದದ್ದೂ ಹರಿಯಿತು. ನಾನು ಎರಡು ತುಂಡಾದೆ.

ಮುಗಿಯಿತು ಎಂದುಕೊಂಡೆ. ಆದರೆ ಏನೂ ಬೀಳಲಿಲ್ಲ. ನನ್ನ ಎರಡು ತುಂಡುಗಳೂ ಅವಳ ಎರಡು ಮುಷ್ಟಿಗಳಲ್ಲಿದ್ದವು. ಒಂದು ತುಂಡು ಅವಳನ್ನು ದಂಡೆಯ ಕಡೆ ಎಳೆಯಿತು, ಇನ್ನೊಂದು ಬಂಡೆಯ ಕಡೆ. ಅವಳ ತೋಳುಗಳು ಚಾಚಿಕೊಂಡವು, ಹಲ್ಲು ಕಚ್ಚಿದ್ದು ಕೇಳಿಸಿತು. ನಾನು ಇಲ್ಲವಾದ ಜಾಗದಲ್ಲಿ ಅವಳಿದ್ದಳು. ನೀರು ಹಿಂದೆ ಸರಿದಾಗ ಮುಬೀನಾ ಅವಳ ಸೊಂಟಕ್ಕೆ ಬಂದು ಅಪ್ಪಿಕೊಂಡಳು, ದಾಟಿದಳು. ಉಳಿದಿಬ್ಬರೂ ದಾಟಿದರು.

ದಂಡೆಗೆ ಬಂದ ಮೇಲೆ ಶಶಿಕಲಾ ನನ್ನ ಈಚೆಯ ತುಂಡನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಗೂಟದಲ್ಲಿ ಉಳಿದ ತುಂಡನ್ನು ಇಂದು ಬೆಳಿಗ್ಗೆ ನೀರು ಇಳಿದಾಗ ತಾನೇ ಬಿಚ್ಚಿ ತಂದಳು. ಸೀರೆ ಹಾಳಾಯಿತಲ್ಲ ಎಂದು ಡಾಕ್ಟರ್ ಪ್ರಭು ನಿಜವಾಗಿಯೂ ನೊಂದುಕೊಂಡರು. ಮಾಡಿನ ರಿಪೇರಿ ಮಾಡಿಸಿಕೊಡುತ್ತೇನೆಂದು ಅತಿಥಿ ಒಪ್ಪಿದ್ದರು, ಅದೇ ಖುಷಿಯಲ್ಲಿ ಅವರು ಇನ್ನೇನನ್ನೂ ನೋಡಲಿಲ್ಲ.

ಈಗ ಅವಳ ಬೆರಳುಗಳು ಬಕೆಟ್ಟಿನ ತಳಕ್ಕೆ ಬಂದಿವೆ. ಎರಡು ತುದಿಗಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಿದ್ದಾಳೆ. ಅಂಗೈ ಸಿಪ್ಪೆಯೆದ್ದು ಕೆಂಪಾಗಿದೆ. ಎರಡು ಎಳೆಗಳ ತುದಿ ಹೊಸದಾಗಿ ಹರಿದಿದೆ, ಮೂರನೆಯದರ ತುದಿ ಹಳೆಯದು, ಕೊಳೆ ಹಿಡಿದದ್ದು. ಅವಳು ಅದನ್ನೇ ನೋಡುತ್ತಿದ್ದಾಳೆ. ಎಷ್ಟು ಸಲ, ಎಷ್ಟು ಮಕ್ಕಳು, ಎಂದು ಯೋಚಿಸುತ್ತಿರಬೇಕು.

ದೇವಕಿ ಪೊರಕೆ ಹಿಡಿದು ಬಂದು ನಿಂತಳು. ತುದಿಗಳನ್ನು ನೋಡಿದಳು. ಅವಳ ಮುಖ ಕಪ್ಪಿಟ್ಟಿತು. ಆಮೇಲೆ ಬೇರೆಯದೇ ಮಾತು ತೆಗೆದಳು. "ಅಕ್ಕೋರೇ, ನಮ್ಮನೆ ಹಿಂದಿನ ಹೊಳೆಯಲ್ಲಿ ನೀರು ಎದೆವರೆಗೆ ಅಷ್ಟೇ. ಹೆಂಗಸರೇ ಇಳಿಯೋದು."

ಅಷ್ಟು ಹೇಳಿ ಅಂಗಳ ಗುಡಿಸುತ್ತ ಆಚೆ ಹೋದಳು.

ಒಳಗಿನಿಂದ ಡಾಕ್ಟರ್ ಪ್ರಭು ಕರೆದು ಹೇಳಿದರು. ಮುಂದಿನ ತಿಂಗಳು ಇನ್ನೂ ದೊಡ್ಡವರೊಬ್ಬರು ಬರುತ್ತಾರಂತೆ, ಹತ್ತಕ್ಕೆ ದೀಪ, ಆಮೇಲೆ ಬಂಡೆ, ನೀವೇ ನೋಡಿಕೊಳ್ಳಬೇಕು ಎಂದರು. ಆಯ್ತು ಸರ್ ಎಂದಳು ಶಶಿಕಲಾ. ಎಂದಿನ ದನಿಯೇ.

ನನ್ನನ್ನು ಹಿಂಡಿ, ಸುರುಳಿ ಸುತ್ತಿ, ಎರಡೂ ತುಂಡುಗಳನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಇನ್ನು ನಾನು ಇಲ್ಲೇ. ಭಾರವಿಲ್ಲ, ನೀರಿಲ್ಲ. ಆದರೂ ಕಡಲಿನ ಸದ್ದು ಕೇಳಿದರೆ ಆ ತುದಿಗಳು ಇನ್ನೂ ತಣ್ಣಗಾಗುತ್ತವೆ. ಭಯ ಹಗ್ಗಕ್ಕಿಂತ ಹೆಚ್ಚು ಬಾಳುತ್ತದೆ. ನನಗೆ ಅನ್ನಿಸುತ್ತದೆ, ನಿನ್ನೆ ಮಕ್ಕಳನ್ನು ಹಿಡಿದದ್ದು ಅವಳ ಭಯವೇ. ಧೈರ್ಯವಂತೆಯಾಗಿದ್ದರೆ ಅವಳು ಒಂದೇ ಕೈಯಲ್ಲಿ ಹಿಡಿದಿರುತ್ತಿದ್ದಳು.

ನನ್ನ ಪಕ್ಕದ ಗೋಡೆಯ ಮೇಲೆ ಉಬ್ಬರ ಇಳಿತದ ಹೊತ್ತುಗಳನ್ನು ಅಚ್ಚು ಮಾಡಿದ ಹಾಳೆ ಇದೆ. ಅವಳು ಮುಂದಿನ ತಿಂಗಳ ಆ ದಿನವನ್ನು ಹುಡುಕಿದಳು. ಏಳೂವರೆಗೆ ಇಳಿತ. ಒದ್ದೆ ಬೆರಳನ್ನು ಆ ಅಂಕಿಯ ಮೇಲೆ ಇಟ್ಟು ಹಾಗೇ ನಿಂತಳು. ಅಂದು ದೀಪ ಹಚ್ಚಿರಲಿ, ಬಿಡಲಿ, ಏಳೂವರೆಗೆ ಅವಳು ಮಕ್ಕಳೊಂದಿಗೆ ಬಂಡೆಯ ಮೇಲಿರುತ್ತಾಳೆ, ನೀರು ತಿರುಗುವ ಮೊದಲು ದಂಡೆಗೆ ಬಂದಿರುತ್ತಾಳೆ. ಅವಳು ಬೆರಳು ಒತ್ತಿದ ರೀತಿಯಲ್ಲೇ ನನಗೆ ಅದು ತಿಳಿಯಿತು. ಇಷ್ಟು ವರ್ಷ ಆ ಬೆರಳುಗಳನ್ನು ಬಲ್ಲೆ.

ದೇವಕಿ ಬಾಗಿಲಲ್ಲಿ ಇಣುಕಿ ಎಂತ ನೋಡ್ತಿದ್ರಿ ಎಂದು ಕೇಳಿದಳು. ಏನಿಲ್ಲ ಎಂದಳು ಶಶಿಕಲಾ. ಬಕೆಟ್ಟಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ, ಒಳಗೆ ಹೋದಳು. ಹಾಳೆಯ ಮೇಲೆ ಬೆರಳಿನ ಒದ್ದೆ ಗುರುತು ಸ್ವಲ್ಪ ಹೊತ್ತು ಇತ್ತು.